ಹೊಳೆಯ ಲೆಕ್ಕ, ಊರಿನ ಗುರುತು



ದೇವದುರ್ಗ ತಾಲೂಕಿನ ಮಸರಕಲ್ಲಿನ ರೈತನು ಒಂದು ಹದಮಳೆಗಾಗಿ ಮುಗಿಲು ನೋಡುತ್ತಿರುವಾಗಲೇ ಅದೇ ತಾಲೂಕಿನ ಹೂವಿನಹೆಡಗಿಯಲ್ಲಿ ಕೃಷ್ಣೆಯು ಸೇತುವೆಯನ್ನು ಮುಳುಗಿಸಿ ಹರಿಯುವುದುಂಟು. 2019ರ ಆಗಸ್ಟಿನಲ್ಲಿ ಸೇತುವೆಯನ್ನು ಮುಳುಗಿಸಿದ ನೀರು ಸಹ್ಯಾದ್ರಿಯ ಮಳೆಯದು. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದದ್ದು. ಅಂಥ ನೆರೆಯು ಎಚ್ಚರಗೊಳ್ಳಲು ನಮಗೆ ಕೆಲವು ದಿನಗಳ ಅವಕಾಶವನ್ನಾದರೂ ಕೊಡುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮಳೆ ಅದನ್ನೂ ಕೊಡಲಿಲ್ಲ. ಅದು ಬಯಲುಸೀಮೆಯ ಮೇಲೆಯೇ ಸುರಿಯಿತು. ಹಳ್ಳಗಳೆಲ್ಲ ಒಮ್ಮೆಗೇ ಉಕ್ಕಿದವು. ತುಂಗಭದ್ರೆಯ ದಂಡೆಯ ಮಂತ್ರಾಲಯ, ಕರ್ನೂಲುಗಳು ಅಕ್ಟೋಬರ್ ಮೊದಲ ದಿನಗಳಲ್ಲಿ ಜಲಾವೃತವಾದವು. ಶ್ರೀಶೈಲ ಜಲಾಶಯಕ್ಕೆ ಸೆಕೆಂಡಿಗೆ ಸುಮಾರು 25 ಲಕ್ಷ ಘನ ಅಡಿ ನೀರು ನುಗ್ಗಿತು. ಅಣೆಕಟ್ಟನ್ನು ಕಟ್ಟುವಾಗ ಎಣಿಸಿದ್ದ ಗರಿಷ್ಠ ನೆರೆಯನ್ನೂ ಅದು ಮೀರಿತ್ತು.

ಕಂಡರಿಯದ ನೆರೆಗೆ ಸಿದ್ಧರಾಗುವುದು ಹೇಗೆ? ನದಿಯ ಗಣಿತಮಾದರಿಯನ್ನು ರಚಿಸುವುದು ಒಂದು ಉಪಾಯ. ಅದರಲ್ಲಿ ಎರಡು ಲೆಕ್ಕಗಳಿವೆ. ಬಿದ್ದ ಮಳೆಯಲ್ಲಿ ನೆಲ ಕುಡಿದದ್ದೆಷ್ಟು, ಹೊಳೆಗೆ ಸೇರಿದ್ದೆಷ್ಟು ಎಂಬುದು ಮೊದಲನೆಯದು. ಬಿರುಕುಬಿಟ್ಟ ಎರೆಭೂಮಿ ಮೊದಲ ಮಳೆಯನ್ನು ನುಂಗುತ್ತದೆ. ನೆನೆದು ಉಬ್ಬಿದ ಮೇಲೆ ಬಿದ್ದ ಮಳೆಯ ಬಹುಪಾಲನ್ನು ಹಳ್ಳಕ್ಕೆ ನೂಕುತ್ತದೆ. ಹೊಳೆಗಿಳಿದ ನೀರು ಯಾವ ಹೊತ್ತಿಗೆ ಎಲ್ಲಿ ಎಷ್ಟು ಎತ್ತರಕ್ಕೆ ಏರೀತು ಎಂಬುದು ಎರಡನೆಯದು. ನದೀಪಾತ್ರದ ಅಗಲ, ಇಳಿಜಾರು, ಸೇತುವೆಯ ಕಂಬಗಳು, ದಂಡೆಯ ಜಾಲಿ ಇವೆಲ್ಲ ಈ ಲೆಕ್ಕದೊಳಗೆ ಸೇರುತ್ತವೆ. ಮುಂದೆ ಸಂಗಮದಲ್ಲಿ ಭೀಮೆಯೂ ತುಂಬಿ ಬಂದರೆ ಕೃಷ್ಣೆಯ ನೀರು ತಡೆದು ನಿಂತು ಹಿಂದಕ್ಕೆ ಏರುತ್ತದೆ, ಅದನ್ನೂ ಎಣಿಸಬೇಕು.

ಇಷ್ಟೆಲ್ಲ ಎಣಿಸಿದ ಫಲವು ಹಳ್ಳಿಗೆ ಯಾವ ರೂಪದಲ್ಲಿ ಮುಟ್ಟುತ್ತದೆ? "ಇಷ್ಟು ಲಕ್ಷ ಕ್ಯೂಸೆಕ್ಸ್ ಬಿಡಲಾಗಿದೆ" ಎಂಬ ಪ್ರಕಟಣೆಯಿಂದ ನದೀತೀರದ ತಾಯಿಯೊಬ್ಬಳು ದನಗಳನ್ನು ಯಾವಾಗ ಬಿಚ್ಚಬೇಕೆಂದು ತಿಳಿದಾಳೆಯೆ? "ನಾಳೆ ನಸುಕಿಗೆ ನೀರು ಗುಡಿಯ ಕಟ್ಟೆಯನ್ನು ಮುಟ್ಟೀತು" ಎಂದರೆ ತಿಳಿದಾಳು. ಲಕ್ಷದ ಅಂಕಿಯನ್ನು ಗುಡಿಯ ಕಟ್ಟೆಗೆ ತಂದು ನಿಲ್ಲಿಸುವುದೇ ಈ ಶಾಸ್ತ್ರದ ಸಾರ್ಥಕತೆ.

ಅದಕ್ಕೆ ಊರಿನ ನೆರವೂ ಬೇಕು. ಹೂವಿನಹೆಡಗಿ, ದೇವಸೂಗೂರುಗಳಲ್ಲಿ ಕೇಂದ್ರ ಜಲ ಆಯೋಗದ ಮಾಪನಕೇಂದ್ರಗಳಿವೆ. ನಡುವಣ ಹಳ್ಳಿಗಳಲ್ಲಿ ನೀರು ಏರಿದ ಮಟ್ಟವನ್ನು ಬಲ್ಲವರು ಅಲ್ಲಿನ ಹಿರಿಯರೇ. ಮಾದರಿಯು ಹೇಳಿದ ಎತ್ತರ ಸರಿಯೇ ತಪ್ಪೇ ಎಂದು ಒರೆಹಚ್ಚಲು ಅವರು ತೋರಿಸುವ ಗುರುತೇ ಒರೆಗಲ್ಲು. ಗೋಡೆಗೆ ಸುಣ್ಣ ಬಳಿದರೆ ಆ ಗುರುತು ಅಳಿಯುತ್ತದೆ. ಹಿರಿಯರು ಹೋದರೆ ನೆನಪೂ ಹೋಗುತ್ತದೆ. ಆದ್ದರಿಂದ ಪ್ರತಿ ಹೊಳೆಸಾಲಿನ ಊರಿನಲ್ಲಿಯೂ ಒಂದು ಕಲ್ಲು ನೆಟ್ಟು, ನೀರು ಮುಟ್ಟಿದ ಎತ್ತರವನ್ನೂ ಇಸವಿಯನ್ನೂ ಕೆತ್ತಿಸಿರಿ. ಶಾಸನಗಳಿಗೆ ಹೆಸರಾದ ನಾಡು ನಮ್ಮದು. ನೆರೆಯ ಶಾಸನವೊಂದು ನಮಗೆ ಹೊರೆಯಾಗದು.