ಎರಡು ಗುಂಟೆಯ ಹಿತ್ತಲು
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



"ಸಣ್ಣ ಜಾಗಾದಾಗ ಹಿತ್ತಲಾ ಮಾಡಿ ಸಮಾಧಾನದಿಂದ ಇದ್ದೀರಿ, ನಾಕು ಮಾತು ಹೇಳ್ರಿ" ಅಂತ ಕಾರ್ಯದರ್ಶಿಯವರು ಕೇಳಿದಾಗ ನಮಗೆ ಸಂಕೋಚವಾಯಿತು. ಎಕರೆಗಟ್ಟಲೆ ಎರೆಹೊಲ ಮಾಡುವ ರೈತ ಬಾಂಧವರ ಮುಂದೆ ಎರಡು ಗುಂಟೆಯವರು ಏನು ಹೇಳಬೇಕು? ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥವು 40 ಕೂಡಿದರೆ ಒಂದು ಎಕರೆ. ನಮ್ಮ ಎರಡು ಗುಂಟೆಯಲ್ಲಿ ಮನೆ, ಬಚ್ಚಲು, ಆಡಿನ ದೊಡ್ಡಿ ಹೋಗಿ ಉಳಿದದ್ದೇ ಹಿತ್ತಲು.

ಸಮಾಧಾನ ಮೊದಲಿನಿಂದ ಇರಲಿಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾದಾಗ ಇಷ್ಟೇ ಬಂತಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಪಕ್ಕದಲ್ಲಿ ಗಂಡನಿಲ್ಲದ ಒಬ್ಬ ತಾಯಿಯ ಹಿತ್ತಲು ಅರ್ಧ ಖಾಲಿ ಬಿದ್ದಿತ್ತು. ಅದು ನಮಗಾದರೆ ಸಂಸಾರ ದಡ ಮುಟ್ಟಿತು ಅಂದುಕೊಂಡು, ಸಂಘದಲ್ಲಿಟ್ಟ ಠೇವಣಿ ಮುರಿಸಲು ಅರ್ಜಿಯನ್ನೂ ಬರೆದಿಟ್ಟೆವು. ಮೂರು ಸಲ ಕೇಳಿದೆವು. "ನಮ್ಮತ್ತಿ ಬಾಳಿದ ಜಾಗಾರಿ, ಕೊಡೂದಿಲ್ಲ" ಅಂದಳು. ಒಂದು ವರ್ಷ ಮಾತು ಬಿಟ್ಟೆವು. ಆಕೆಯ ಕೋಳಿ ಈ ಕಡೆ ಬಂದರೆ ಕಲ್ಲು ಒಗೆಯುತ್ತಿದ್ದೆವು. ರವಿವಾರ ಚರ್ಚಿಗೆ ಹೋಗುವುದನ್ನು ಮಾತ್ರ ತಪ್ಪಿಸಲಿಲ್ಲ!

ಅಂಥ ಒಂದು ರವಿವಾರ ಓದಿದ್ದು ಅಹಾಬ ರಾಜನ ಕಥೆ. ಅರಮನೆಗೆ ಹತ್ತಿ ನಾಬೋತ ಎಂಬವನ ದ್ರಾಕ್ಷಿ ತೋಟ. ರಾಜ ಅದನ್ನು ಯಾತಕ್ಕೆ ಕೇಳಿದ ಅಂತೀರಿ? ಕಾಯಿಪಲ್ಯ ಬೆಳೆಯಲಿಕ್ಕೆ. ಬೇರೆ ಚಲೋ ತೋಟ ಕೊಡತೀನಿ, ಬೇಕಾದರೆ ರೊಕ್ಕ ಕೊಡತೀನಿ ಅಂದ. ಹಿರಿಯರಿಂದ ಬಂದದ್ದು, ಕೊಡುವುದಿಲ್ಲ ಅಂದ ನಾಬೋತ. ಇಡೀ ರಾಜ್ಯ ಆಳುವವನು ಮುಖ ತಿರುವಿ ಮಲಗಿ ಊಟ ಬಿಟ್ಟ! ಕಡೆಗೆ ರಾಣಿ ಸುಳ್ಳು ಸಾಕ್ಷಿ ಹುಟ್ಟಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ನಮಗೆ ಕೋಳಿಗೆ ಒಗೆದ ಕಲ್ಲು ನೆನಪಾಯಿತು. ಮನೆಗೆ ಬಂದು ಅರ್ಜಿ ಹರಿದೆವು. ಆಕೆಯ ಬಾಗಿಲಿಗೆ ಹೋಗುವುದಕ್ಕೆ ಮಾತ್ರ ಇನ್ನೂ ಎಂಟು ದಿನ ಬೇಕಾಯಿತು. ಅಷ್ಟು ಸುಲಭ ಅಲ್ಲರಿ ಅದು.

ಆಮೇಲೆ ನಮ್ಮ ಹಿತ್ತಲನ್ನು ಮೊದಲ ಸಲ ಕಣ್ಣು ತೆರೆದು ನೋಡಿದೆವು. ಬಚ್ಚಲ ನೀರು ಓಣಿಗೆ ಹರಿದು ಕೆಸರಾಗುತ್ತಿತ್ತು. ಅದನ್ನು ಬಾಳೆಗೆ, ಕೆಸುವಿಗೆ ತಿರುವಿದೆವು. ಬಚ್ಚಲ ಮಾಳಿಗೆ ಮೇಲೆ ಹಂದರ ಹಾಕಿ ಹೀರೆ ಬಳ್ಳಿ ಏರಿಸಿದೆವು. ಮೆಂತ್ಯೆಯನ್ನು ಒಂದೇ ಸಲ ಬಿತ್ತದೆ ಎಂಟು ದಿನಕ್ಕೊಂದು ಸಣ್ಣ ಮಡಿ ಬಿತ್ತಿದರೆ ಒಂದು ತಿಂಗಳಲ್ಲಿ ಪಲ್ಯ ಸುರುವಾಗಿ ಮುಂದೆ ತಪ್ಪುವುದಿಲ್ಲ. ನುಗ್ಗೆಯನ್ನು ದಕ್ಷಿಣಕ್ಕೆ ಹಚ್ಚಿ ಮೋಸ ಹೋದೆವು. ಚಳಿಗಾಲದಲ್ಲಿ ನೆರಳೆಲ್ಲ ಮಡಿಯ ಮೇಲೇ ಬಿತ್ತು. ಕಡಿದು ಅದರದೇ ಟೊಂಗೆಯನ್ನು ಉತ್ತರಕ್ಕೆ ನೆಟ್ಟೆವು. ಕಿತ್ತೂರ ಕಡೆ ಮಳೆ ಹೆಚ್ಚು, ಅಲ್ಲಿಯವರು ಮಡಿ ಎತ್ತರಿಸಬೇಕು. ರಾಮದುರ್ಗದ ಕಡೆಯವರು ಮಡಿ ತಗ್ಗು ಮಾಡಿ, ಜೋಳದ ರವದಿ ಹೊದಿಸಿ ಹಸಿ ಉಳಿಸಿಕೊಳ್ಳಬೇಕು. ಜ್ವಾಳ, ಉಳ್ಳಾಗಡ್ಡಿ ನಾವು ಈಗಲೂ ಪ್ಯಾಟಿಯಿಂದಲೇ ತರುತ್ತೇವೆ. ಹಿತ್ತಲಿನಿಂದಲೇ ಹೊಟ್ಟೆ ತುಂಬುತ್ತದೆ ಅಂತ ಸುಳ್ಳು ಹೇಳುವುದಿಲ್ಲ.

ತೃಪ್ತಿ ಹುಟ್ಟುಗುಣವಲ್ಲ. ಇದ್ದದ್ದರಲ್ಲಿ ಸಾಕೆನ್ನುವುದನ್ನು ತಾನು ಕಲಿತುಕೊಂಡೆ ಎಂದು ಸಂತ ಪೌಲರು ಬರೆದದ್ದು ಸೆರೆಮನೆಯಿಂದ. ನಮ್ಮ ದೇಶನೂರಿನಲ್ಲಿ ಯೇಸು ಸಭೆಯ ಸ್ವಾಮಿ ಅನಿಮಾನಂದರು ಕಾವಿ ಉಟ್ಟು, ಸಸ್ಯಾಹಾರದಲ್ಲಿ, ಇಲ್ಲಿಯ ಮಠದ ಸ್ವಾಮಿಗಳ ಹಾಗೇ ಬಾಳಿದರು. ಆದರೆ ತೃಪ್ತಿಯೆಂದರೆ ಹಕ್ಕು ಬಿಡುವುದೂ ಅಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಆಣೆಕಟ್ಟಿನ ನೀರಿನಲ್ಲಿ ಹೊಲ ಮನೆ ಕಳಕೊಂಡವರಿಗೆ ಇದ್ದದ್ದರಲ್ಲಿ ಸುಖವಾಗಿರಿ ಅಂತ ಯಾರಾದರೂ ಹೇಳಿದರೆ ಅದು ಧರ್ಮದ ಮಾತಲ್ಲ. ನಾಬೋತನೂ ತೃಪ್ತನೇ, ಆದರೆ ರಾಜನಿಗೆ ಇಲ್ಲ ಅಂದವನು.

ಸಂಘದ ಹಬ್ಬದಲ್ಲಿ ಇನ್ನೊಂದು ಮಾತು. 1864ರಲ್ಲಿ ಜರ್ಮನಿಯ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈತರ ಸಾಲದ ಸಂಘ ಕಟ್ಟಿದ ರೈಫೈಸನ್ ಸಾಹೇಬರು ದೈವಭಕ್ತ ಕ್ರೈಸ್ತರು. ಒಬ್ಬರನ್ನೊಬ್ಬರು ಬಲ್ಲಷ್ಟು ಸಣ್ಣ ಜಾಗದಲ್ಲೇ ಸಂಘ ಇರಬೇಕು ಅಂದವರು ಅವರು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸುರು ಮಾಡಿದ್ದೂ ಒಂದು ಊರಿನ ಸಂಘವನ್ನೇ. ನೆರೆಮನೆಯವರ ಜೋಡಿ ಮಾತು ಬಿಟ್ಟವರು ಯಾರಿಗೆ ಜಾಮೀನು ನಿಲ್ಲುತ್ತಾರೆ, ನೀವೇ ಹೇಳ್ರಿ.

ಆ ತಾಯಿಯ ಅವರೆ ಬಳ್ಳಿ ಈಗ ಗೋಡೆ ದಾಟಿ ನಮ್ಮ ನುಗ್ಗೆ ಏರಿದೆ. ಈ ಕಡೆ ಬಿಟ್ಟ ಕಾಯಿ ನಿಮ್ಮವೇ ಅಂತಾಳೆ. ಅದರ ಬೀಜ ಪುಡಿಕೆ ಕಟ್ಟಿ ಸಂಘದ ಕಟ್ಟೆಯ ಮೇಲೆ ಇಟ್ಟಿದ್ದೇವೆ. ಹೋಗುವಾಗ ಒಂದೊಂದು ಒಯ್ಯಿರಿ. ಬರುವ ವರ್ಷ ಅಷ್ಟೇ ಬೀಜ ತಿರುಗಿ ತಂದಿಡ್ರಿ, ಬಡ್ಡಿ ಬೇಡ.