ಮೊದಲು ಮಂಚ ಅಳೆಯೋಣ

ಸಹೋದ್ಯೋಗಿಗಳೇ, ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಸಿಸ್ಟರ್‌ಗಳೇ,

ಜನರಲ್ ವಾರ್ಡಿನ ಕಬ್ಬಿಣದ ಮಂಚ ನಿಮಗೆಲ್ಲ ಗೊತ್ತು. ಕಾಲಿನ ಕಡೆ, ಕೆಳಗೆ ಒಂದು ಹಿಡಿಕೆ. ರೋಗಿಯ ತಲೆಭಾಗ ಏರಿಸಬೇಕೆಂದರೆ ಕುಕ್ಕರುಗಾಲಲ್ಲಿ ಕೂತು ತಿರುಗಿಸಬೇಕು. ಎಷ್ಟು ತಿರುಗಿಸಿದರೂ ತಲೆಭಾಗ ಏಳುತ್ತದೆಯೇ ಹೊರತು ಮಂಚ ಒಂದಂಗುಲವೂ ಮೇಲೇರುವುದಿಲ್ಲ. ಐದಡಿಯವಳಿಗೂ ಆರಡಿಯವನಿಗೂ ಅದೇ ಎತ್ತರ. ಡ್ರೆಸಿಂಗ್, ಕ್ಯಾತಿಟರ್, ಮೈ ಒರೆಸುವುದು, ಎಲ್ಲವೂ ಬಗ್ಗಿಯೇ. ನರ್ಸ್‌ಗಳ ಸೊಂಟನೋವಿನ ಮಾತನ್ನು ನಾನು ಈ ಮಂಚದಿಂದಲೇ ಶುರುಮಾಡುತ್ತೇನೆ.

ಇಪ್ಪತ್ತು ವರ್ಷ ‘ಬಾಡಿ ಮೆಕ್ಯಾನಿಕ್ಸ್’ ಪಾಠ ಹೇಳಿದವಳು ನಾನು. ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಡಿ, ಭಾರವನ್ನು ಮೈಗೆ ಹತ್ತಿರ ತಂದುಕೊಳ್ಳಿ. ತೋರಿಸಿಕೊಟ್ಟದ್ದು ಗೊಂಬೆಯ ಮೇಲೆ. ಗೊಂಬೆ ಹೆದರಿ ನಿಮ್ಮ ಕೊರಳು ತಬ್ಬುವುದಿಲ್ಲ, ಅರ್ಧದಲ್ಲಿ ಕಾಲು ಸೋತು ಕುಸಿಯುವುದಿಲ್ಲ. ಕೊನೆಯ ಮೂರು ವರ್ಷ ಆ ಪಾಠವನ್ನು ಸೀರೆಯೊಳಗೆ ಸೊಂಟದ ಬೆಲ್ಟ್ ಕಟ್ಟಿಕೊಂಡು ಹೇಳಿದೆ, ವಿದ್ಯಾರ್ಥಿಗಳಿಗೆ ಗೊತ್ತಾಗದ ಹಾಗೆ.

ನೋವು ಬಂದವಳಿಗೆ ‘ಸರಿಯಾಗಿ ಬಗ್ಗಲಿಲ್ಲ’ ಎನ್ನುವುದು ನಮ್ಮ ಅಭ್ಯಾಸ. ವಿಜ್ಞಾನ ಹಾಗೆ ಹೇಳುತ್ತಿಲ್ಲ. 1999ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮಾರಾಸ್ ಮತ್ತು ಸಂಗಡಿಗರು, ರೋಗಿಯನ್ನು ಎತ್ತುವಾಗ ಬೆನ್ನೆಲುಬಿನ ಮೇಲೆ ಬೀಳುವ ಒತ್ತಡವನ್ನು ಅಳೆದರು. ರೋಗಿ ಬರೀ 50 ಕೆ.ಜಿ., ಹೇಳಿದ ಮಾತು ಕೇಳುವವಳು. ಇಬ್ಬರು ಸೇರಿ ಎತ್ತಿದರೂ ಅಪಾಯ ತಪ್ಪಲಿಲ್ಲ. 2007ರಲ್ಲಿ ಸಂಶೋಧಕ ಥಾಮಸ್ ವಾಟರ್ಸ್ ರೋಗಿಗಳನ್ನು ಕೈಯಿಂದ ಎತ್ತುವುದಕ್ಕೆ ಒಂದು ಮಿತಿ ಸೂಚಿಸಿದರು: 35 ಪೌಂಡ್, ಅಂದರೆ ಹೆಚ್ಚುಕಡಿಮೆ 16 ಕೆ.ಜಿ. ನೂರು ಕೆ.ಜಿ. ಆಳಿನ ಒಂದು ಕಾಲೇ ಅಷ್ಟು ತೂಗುತ್ತದೆ! ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2011ರ ಕಾಕ್ರೇನ್ ವಿಮರ್ಶೆಗೂ ಎತ್ತುವ ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಎನ್ನಲು ಆಧಾರ ಕಾಣಲಿಲ್ಲ. ನನ್ನ ಇಪ್ಪತ್ತು ವರ್ಷದ ಪಾಠ ಅಲ್ಲಿಗೆ ಹೋಯಿತು.

ಇನ್ನು ಮಗ್ಗುಲು ಬದಲಿಸುವುದು. ಬೆನ್ನು ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ. ಹನ್ನೆರಡು ಗಂಟೆಯ ರಾತ್ರಿ ಪಾಳಿಯಲ್ಲಿ ಹಾಸಿಗೆ ಹಿಡಿದ ಆರು ಜನರಿದ್ದರೆ ಮೂವತ್ತಾರು ಸಲ. ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್ ಎನ್ನುತ್ತದೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರಾತ್ರಿ ಎರಡು ಗಂಟೆಗೆ ಆ ಲೆಕ್ಕ ಎಲ್ಲಿರುತ್ತದೆಂದು ಹಿಂದಿನ ಸಾಲಿನವರನ್ನು ಕೇಳಿ.

ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ 1998ರಲ್ಲಿ ನರ್ಸ್‌ಗಳ ಸಂಘವೇ ‘ಎತ್ತುವುದಿಲ್ಲ’ ಎಂಬ ನೀತಿ ಹಿಡಿಯಿತು. ಎತ್ತುವ ಕೆಲಸ ಯಂತ್ರಕ್ಕಿರಲಿ ಎಂಬುದು ವಾದ. ನಮ್ಮಲ್ಲಿ ಯಂತ್ರ ಬರುವುದು ತಡವಾದೀತು. ಆದರೆ ರೋಗಿಯನ್ನು ಎತ್ತದೆ ಜಾರಿಸಲು ಬರುವ ನುಣುಪು ಬಟ್ಟೆಗೆ, ಆ ಸ್ಲೈಡ್ ಶೀಟಿಗೆ, ಕೋಟಿಗಟ್ಟಲೆ ಬಜೆಟ್ ಬೇಕಿಲ್ಲವಲ್ಲ!

ನರ್ಸ್‌ಗಳ ಸೊಂಟನೋವಿನ ಬಗ್ಗೆ ಇಂದು ಇಲ್ಲಿ ಮಂಡನೆಯಾಗುವ ಪ್ರಬಂಧಗಳ ಸಾರಾಂಶ ಓದಿದೆ. ವಯಸ್ಸು, ತೂಕ, ಮದುವೆ, ಹೆರಿಗೆ, ಎಷ್ಟು ವರ್ಷದ ಸರ್ವಿಸ್ ಎಲ್ಲವನ್ನೂ ಕೇಳಿದ್ದೀರಿ. ಮಂಚದ ಎತ್ತರ ಯಾರೂ ಬರೆದಿಲ್ಲ. ನನ್ನ ಚೀಲದಲ್ಲಿ ದರ್ಜಿಯ ಟೇಪಿದೆ. ಊಟದ ನಂತರ ಎದುರಿನ ಆಸ್ಪತ್ರೆಯ ವಾರ್ಡಿಗೆ ಹೋಗುತ್ತೇನೆ, ಅನುಮತಿ ತೆಗೆದುಕೊಂಡಿದ್ದೇನೆ. ಬರುವವರು ಎರಡು ಗಂಟೆಗೆ ಗೇಟಿನ ಹತ್ತಿರ ಸೇರಿ.