ಒಂದೇ ಫ್ರೇಮಿನಲ್ಲಿ ಪಟ್ಟದಕಲ್ಲು, ಎಲ್ಲೋರ
ನಾಸಿಕ್‌ನಲ್ಲಿರೋ ನಮಗೆ ತ್ರ್ಯಂಬಕ ಅಂದ್ರೆ ವೀಕೆಂಡ್ ಟ್ರಿಪ್. ದಾದಾಸಾಹೇಬ್ ಫಾಲ್ಕೆ 1870ರಲ್ಲಿ ಹುಟ್ಟಿದ್ದು ಅಲ್ಲೇ. ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಪುರಾಣದ ಪವಾಡ ತೋರಿಸೋಕೆ ಅವರು ಒಂದೇ ಫಿಲ್ಮಿಗೆ ಎರಡೆರಡು ಸಲ ಬೆಳಕು ಬಿಟ್ಟರು. ಅದೇ ಡಬಲ್ ಎಕ್ಸ್‌ಪೋಷರ್.

ಲೆಕ್ಕ ಸುಲಭ. 400 ಐಎಸ್‌ಒ ರೋಲಿಗೆ ಮೀಟರ್ 800ಕ್ಕೆ ಇಡಿ. ಪ್ರತಿ ಸಲ ಅರ್ಧ ಬೆಳಕು. ಮೊದಲ ಚಿತ್ರದಲ್ಲಿ ಕಪ್ಪಾಗಿ ಉಳಿದ ಕಡೆಯೇ ಎರಡನೆಯದು ಚೆನ್ನಾಗಿ ಮೂಡೋದು.

ದೀಪಾವಳಿಗೆ ಊರಿಗೆ ಹೋದಾಗ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ತೆಗೆದೆ. ರೋಲ್ ಹಿಂದಕ್ಕೆ ಸುತ್ತಿ, ಪೆನ್ನಿನ ಗುರುತಿಗೆ ಸರಿಯಾಗಿ ಮತ್ತೆ ಹಾಕಿ, ಸಂಭಾಜಿನಗರದ ಹತ್ತಿರದ ಎಲ್ಲೋರದಲ್ಲಿ ಕೈಲಾಸ ತೆಗೆದೆ. ಎರಡೂ ಎಂಟನೇ ಶತಮಾನದವು. ಒಂದು ಚಾಲುಕ್ಯರದು, ಇನ್ನೊಂದು ಅವರನ್ನು ಸೋಲಿಸಿದ ರಾಷ್ಟ್ರಕೂಟರದು. ಗೆದ್ದವರು ಸೋತವರ ಗುಡಿಯನ್ನೇ ಮಾದರಿಯಾಗಿ ಇಟ್ಟುಕೊಂಡರು ಅಂತಾರೆ ಅನೇಕ ವಿದ್ವಾಂಸರು.

36ರಲ್ಲಿ ನಾಲ್ಕು ಕೂಡಿಬಂದವು. ಒಂದನ್ನು ಅಮ್ಮನಿಗೆ ಕಳಿಸಿದೆ. “ಇದು ನಮ್ಮ ಗುಡೀನೇ ಅಲ್ಲೇನೋ?” ಅಂದಳು. ಹೌದು ಅಂದೆ.